ನಿಮಗಿದು ಗೊತ್ತೆ? ಮೊದಲು ನಕಾಶೆ, ಆಮೇಲೆ ಕಾದಂಬರಿ

ಕಥೆಗಳಲ್ಲಿ ಬರುವ ಮಾಂತ್ರಿಕರೆಲ್ಲ ಬಿಳಿಗಡ್ಡದ ಮುದುಕರೇ. ಅವರೂ ಒಂದು ಕಾಲಕ್ಕೆ ಹುಡುಗರಾಗಿದ್ದರಲ್ಲವೆ? ಆ ವಿದ್ಯೆ ಕಲಿತದ್ದೆಲ್ಲಿ? ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಹೀಗೆ ಯೋಚಿಸಿದ್ದರಿಂದ ಹುಟ್ಟಿದ್ದು 'ಎ ವಿಝರ್ಡ್ ಆಫ್ ಅರ್ಥ್‌ಸೀ' (1968). ಅರ್ಥ್‌ಸೀ ಸರಣಿಯ ಮೊದಲ ಕಾದಂಬರಿ ಇದು. ಹದಿಹರೆಯದವರಿಗಾಗಿ ಬರೆದುಕೊಡಿ ಎಂದು ಕೇಳಿದ್ದು ಬರ್ಕ್ಲಿಯ ಪುಟ್ಟ ಪ್ರಕಾಶನ ಸಂಸ್ಥೆ ಪಾರ್ನಾಸಸ್ ಪ್ರೆಸ್.

ಬರೆಯಲು ಕೂರುವ ಮೊದಲು ಲೇಖಕಿ ದೊಡ್ಡದೊಂದು ಹಾಳೆಯಲ್ಲಿ ಸಮುದ್ರ, ಅದರ ತುಂಬ ದ್ವೀಪಗಳನ್ನು ಬಿಡಿಸಿ ಹೆಸರಿಟ್ಟರು. ಗೊಂಟ್ ದ್ವೀಪದ ಕಂಚುಗಾರನ ಮಗ ಗೆಡ್ ಕಥೆಯ ನಾಯಕ. ಆಡು ಕಾಯುತ್ತಿದ್ದ ಈ ಹುಡುಗ ರೋಕ್ ದ್ವೀಪದ ಮಾಂತ್ರಿಕರ ಶಾಲೆ ಸೇರುತ್ತಾನೆ. ಅಲ್ಲಿ ಜಂಬಕ್ಕೆ ಬಿದ್ದು ತಾನೇ ಎಬ್ಬಿಸಿದ ಕರಿನೆರಳು ಅವನ ಬೆನ್ನು ಹತ್ತುತ್ತದೆ. ಇಂಥದ್ದೇ ಮಾಂತ್ರಿಕರ ಶಾಲೆಯ ಕಥೆಯಾದ ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಬಂದದ್ದು ಈ ಕಾದಂಬರಿ ಬಂದು 29 ವರ್ಷಕ್ಕೆ!

ಇನ್ನೂ ಮುಖ್ಯವಾದದ್ದು ಗೆಡ್‌ನ ಮೈಬಣ್ಣ. ಅವನದು ಕೆಂಪು ಮಿಶ್ರಿತ ಕಂದು, ಜೀವದ ಗೆಳೆಯ ವೆಚ್‌ನದು ಕಪ್ಪು. ನಾಯಕರೆಂದರೆ ಬಿಳಿಯರೇ ಎಂಬಂತಿದ್ದ ಕಾಲದಲ್ಲಿ ಲೇಖಕಿ ಬೇಕೆಂದೇ ಮಾಡಿದ ಆಯ್ಕೆ ಅದು. ಹಾಗಿದ್ದರೂ ಮುಂದಿನ ಹಲವು ಮುದ್ರಣಗಳ ಮುಖಪುಟದಲ್ಲಿ ಗೆಡ್ ಬೆಳ್ಳಗಾದ. 2004ರ ಟಿವಿ ರೂಪಾಂತರದಲ್ಲೂ ಬಿಳಿಯ ನಟನೇ ಗೆಡ್ ಆದಾಗ ಲೆ ಗ್ವಿನ್ ಸುಮ್ಮನಿರಲಿಲ್ಲ, ಲೇಖನ ಬರೆದು ನೇರವಾಗಿ ಖಂಡಿಸಿದರು. ಅವರ ಸಿಟ್ಟು ನ್ಯಾಯವಾದದ್ದೇ. ಬಣ್ಣ ಬದಲಿಸಿದರೆ ಕಥೆಯ ಜೀವವನ್ನೇ ತೆಗೆದಂತೆ.