ಒಂದೂವರೆ ಕಿಲೋಮೀಟರ್ ತಂತಿ

ಆ ಯಂತ್ರದ ತೂಕ ಸುಮಾರು 270 ಕಿಲೋ. ನಡೆಸಲು ಐದು ಜನ ಬೇಕು. ಅದರ ವಿದ್ಯುತ್ಕಾಂತ ಬಿಸಿಯೇರದಂತೆ ನೀರು ಹರಿಯುತ್ತಲೇ ಇರಬೇಕು. ಇಷ್ಟೆಲ್ಲ ಆರ್ಭಟದ ನಡುವೆ ನಿಜವಾದ ಕೆಲಸ ಮಾಡುತ್ತಿದ್ದುದು ಕಣ್ಣಿಗೆ ಕಂಡೂ ಕಾಣದ, ಬೆಳ್ಳಿ ಲೇಪಿಸಿದ ಒಂದು ಕ್ವಾರ್ಟ್ಸ್ ಎಳೆ. ಹೃದಯದ ವಿದ್ಯುತ್ತು ಹರಿದಾಗ ಅದು ತುಸುವೇ ಅಲುಗುತ್ತದೆ. ಆ ಅಲುಗಾಟದ ನೆರಳನ್ನು ಹಿಗ್ಗಿಸಿ ಫೋಟೋ ತೆಗೆದರೆ ಅದೇ ಇಸಿಜಿ. ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲೆಮ್ ಐಂತೋವನ್ ಇದನ್ನು ಕಟ್ಟಿದ್ದು 20ನೇ ಶತಮಾನದ ಆರಂಭದಲ್ಲಿ. ಅದಕ್ಕೂ ಮುಂಚೆ ಇದ್ದದ್ದು ಪಾದರಸದ ಮಾಪಕ. ಪಾದರಸ ಮಂದಗತಿಯದು, ಹೃದಯದ ವೇಗಕ್ಕೆ ಸಾಟಿಯಾಗದು. ಬಂದ ಗೆರೆಯನ್ನು ಐಂತೋವನ್ ಲೆಕ್ಕ ಹಾಕಿ ತಿದ್ದಿಕೊಳ್ಳಬೇಕಿತ್ತು.

ಯಂತ್ರವೇನೋ ಸಿದ್ಧವಾಯಿತು, ರೋಗಿಗಳು ಮಾತ್ರ ಒಂದೂವರೆ ಕಿಲೋಮೀಟರ್ ಆಚೆಯ ಆಸ್ಪತ್ರೆಯಲ್ಲಿ. ಯಂತ್ರವನ್ನು ಅಲ್ಲಿಗೆ ಒಯ್ಯುವಂತಿಲ್ಲ, ಹೃದಯ ಸೋತವರನ್ನು ಇಲ್ಲಿಗೆ ಹೊತ್ತು ತರುವಂತಿಲ್ಲ. ಎರಡರ ನಡುವೆ ಟೆಲಿಫೋನ್ ತಂತಿ ಎಳೆದುಬಿಡಿ ಎಂದು ಸೂಚಿಸಿದವರು ಭೌತವಿಜ್ಞಾನಿ ಯೊಹಾನೆಸ್ ಬೊಸ್ಚಾ. ಹೇಳಿದ ಮೇಲೆ ಯಾರಿಗೂ ಸುಲಭ ಅನ್ನಿಸುವ ಉಪಾಯ! ಟೆಲಿಫೋನಿನಲ್ಲಾದರೆ ದನಿಯನ್ನು ವಿದ್ಯುತ್ತಾಗಿ ಮಾರ್ಪಡಿಸಬೇಕು. ಹೃದಯಕ್ಕೆ ಆ ರಗಳೆಯೂ ಇಲ್ಲ, ಅದು ಹುಟ್ಟಿಸುವುದೇ ವಿದ್ಯುತ್ತು. ರೋಗಿ ಆಸ್ಪತ್ರೆಯಲ್ಲೇ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಇಳಿಬಿಟ್ಟು ಕೂತರೆ, ಟೆಲಿಫೋನ್ ತಂತಿಯ ಇನ್ನೊಂದು ತುದಿಯಲ್ಲಿ ಎಳೆ ಅಲುಗುತ್ತದೆ.

1905ರ ಮಾರ್ಚ್ 22ರಂದು ಹೀಗೆ ಬಂದ ಮೊದಲ ಗೆರೆ ರೋಗಿಯದಲ್ಲ, ಗಟ್ಟಿಮುಟ್ಟಾದ ಆರೋಗ್ಯವಂತನದು. ಅಲೆಗಳು ಎತ್ತರೆತ್ತರಕ್ಕೆ ಎದ್ದಿದ್ದವು. ಪ್ರಯೋಗಾಲಯದಿಂದ ಆಸ್ಪತ್ರೆಗೆ ಸೈಕಲ್ ತುಳಿದು ಹೋಗಿದ್ದರ ಫಲವೆಂದು ಅದಕ್ಕೆ ಕಾರಣ ಕೊಡಲಾಯಿತು. ಅಪ್ಪಟ ಡಚ್ ವಿವರಣೆ! ಮರುವರ್ಷ ಐಂತೋವನ್ ‘ಟೆಲಿಕಾರ್ಡಿಯೋಗ್ರಾಂ’ ಎಂಬ ಹೆಸರಲ್ಲೇ ಪ್ರಬಂಧ ಪ್ರಕಟಿಸಿದರು. ಹೃದಯದ ಹಲವು ಕಾಯಿಲೆಗಳ ಗೆರೆಗಳು ಅದರಲ್ಲಿ ಮೊದಲ ಬಾರಿಗೆ ಸಾಲಾಗಿ ಕಂಡವು. 1924ರಲ್ಲಿ ನೊಬೆಲ್ ಬಂತು.

ದೂರದ ಹಳ್ಳಿಯವರಿಗೆ ವೈದ್ಯ ಸಿಗಲಿ ಎಂಬ ಯೋಚನೆ ಇದರಲ್ಲಿ ಎಲ್ಲೂ ಇರಲಿಲ್ಲ ಎಂಬುದೇ ನನಗೆ ಸೋಜಿಗ. ಟೆಲಿಮೆಡಿಸಿನ್ ಹುಟ್ಟಿದ್ದು ಯಂತ್ರದ ಭಾರದಿಂದ. ಯಂತ್ರ ಹಗುರಾದ ಮೇಲೆ ತಂತಿ ಬೇಡವಾಗಬೇಕಿತ್ತು. ಆದರೆ ಅಷ್ಟರಲ್ಲಿ ಕೊರತೆ ಬೇರೆಡೆಗೆ ಸರಿದಿತ್ತು: ಇಸಿಜಿ ಯಂತ್ರ ತಾಲೂಕಿಗೂ ಬಂತು, ಗೆರೆ ಓದಬಲ್ಲ ತಜ್ಞ ಬರಲಿಲ್ಲ. 2002ರಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಇಸ್ರೋ ಉಪಗ್ರಹದ ಮೂಲಕ ಜೋಡಿಸಿದ್ದು ಇದಕ್ಕಾಗಿಯೇ. ಮಂಗಳೂರಿನ ಹೃದ್ರೋಗ ತಜ್ಞ ಪದ್ಮನಾಭ ಕಾಮತ್ ಅವರಿಗೆ ಉಪಗ್ರಹವೂ ಬೇಕಾಗಲಿಲ್ಲ. ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿನ ವೈದ್ಯರನ್ನು ವಾಟ್ಸಾಪ್ ಗುಂಪಿಗೆ ಸೇರಿಸಿಕೊಂಡರು. ಗೆರೆಯ ಫೋಟೋ ಬಂದೊಡನೆ ಉತ್ತರ ಹೋಗುತ್ತದೆ: ಅಲ್ಲೇ ಇಟ್ಟುಕೊಳ್ಳಿ, ಇಲ್ಲವೇ ತಡಮಾಡದೆ ಕಳಿಸಿ.