ತುದಿಗಾಲಿನಲ್ಲಿ ನಡೆಯುವ ಮಗು

ಗರ್ಭದಲ್ಲಿರುವಾಗ, ಹೆರಿಗೆಯ ವೇಳೆಯಲ್ಲಿ ಅಥವಾ ಎಳೆತನದಲ್ಲಿ ಮಿದುಳಿಗೆ ಹಾನಿಯೊದಗಿ ಕೈಕಾಲುಗಳ ಚಲನೆ ಕೆಡುವುದಕ್ಕೆ ಸೆರೆಬ್ರಲ್ ಪಾಲ್ಸಿ ಎಂದು ಹೆಸರು. ಮಿದುಳಿನ ಆ ಹಾನಿ ಮುಂದೆ ಹೆಚ್ಚುವುದಿಲ್ಲ. ಆದರೆ ಮಗು ಬೆಳೆದಂತೆಲ್ಲ ನಡಿಗೆ ಬದಲಾಗುತ್ತ ಹೋಗುತ್ತದೆ. ಆದುದರಿಂದ ಅದನ್ನು ಒಮ್ಮೆ ನೋಡಿ ತೀರ್ಮಾನಿಸುವಂತಿಲ್ಲ.

ಇಂತಹ ಮಗು ತುದಿಗಾಲಿನಲ್ಲಿ ನಡೆದರೆ, ಹಿಮ್ಮಡಿಯ ನರ ಗಿಡ್ಡವಾಗಿದೆ, ಆಪರೇಷನ್ ಮಾಡಿಸಿಬಿಡಿ ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. (ಅದು ನರವಲ್ಲ, ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜು.) ಅವಸರಪಡಬೇಡಿರಿ. ಮೊದಲು ಮಗುವನ್ನು ಪಕ್ಕದಿಂದ ನೋಡಿರಿ. ಮೀನಖಂಡದ ಸ್ನಾಯು ಬಿಗಿದು ಪಾದವೇ ಕೆಳಕ್ಕೆ ಬಾಗಿದ್ದರೆ ಹಿಮ್ಮಡಿ ನೆಲ ಮುಟ್ಟದು. ಆದರೆ ಕೆಲವು ಮಕ್ಕಳಲ್ಲಿ ಪಾದದಲ್ಲಿ ಅಂತಹ ದೋಷವಿರುವುದಿಲ್ಲ. ಮೊಣಕಾಲೂ ಸೊಂಟದ ಕೀಲೂ ಮಡಿಸಿಕೊಂಡಿರುವುದರಿಂದಲೇ ಹಿಮ್ಮಡಿ ಮೇಲೇಳುತ್ತದೆ. ಎರಡೂ ಕಾಲುಗಳು ಬಿಗಿದ ಮಕ್ಕಳ ನಡಿಗೆಯನ್ನು ರೊಡ್ಡಾ ಮತ್ತು ಗ್ರಹಾಂ ಎಂಬ ತಜ್ಞರು 2001ರಲ್ಲಿ ವಿಂಗಡಿಸಿದಾಗ ಇದನ್ನು ಬೇರೆಯೇ ಒಂದು ಬಗೆಯೆಂದು ಗುರುತಿಸಿದರು. ಇಂತಹ ಮಗುವಿನ ರಜ್ಜುವನ್ನು ಉದ್ದ ಮಾಡಿದರೆ ಮೀನಖಂಡದ ಆಸರೆ ತಪ್ಪುತ್ತದೆ. ಮೊಣಕಾಲುಗಳು ಇನ್ನಷ್ಟು ಬಾಗಿ, ಮಗು ಕುಕ್ಕರಿಸಿದಂತೆ ನಡೆಯತೊಡಗುತ್ತದೆ. ಅದನ್ನು ತಿದ್ದುವುದು ಮೊದಲಿನ ದೋಷಕ್ಕಿಂತ ಎಷ್ಟೋ ಕಷ್ಟ.

ವೈದ್ಯರು ಮಗುವನ್ನು ಮಲಗಿಸಿ, ಮೊಣಕಾಲನ್ನು ಒಮ್ಮೆ ಮಡಿಸಿ, ಒಮ್ಮೆ ಚಾಚಿ, ಪಾದವನ್ನು ಮೇಲಕ್ಕೆ ಬಾಗಿಸಿ ನೋಡುತ್ತಾರೆ. ಮಡಿಸಿದಾಗ ಸುಲಭವಾಗಿ ಬಾಗುವ ಪಾದ ಚಾಚಿದಾಗ ಬಾಗದಿದ್ದರೆ, ಮೊಣಕಾಲನ್ನು ದಾಟಿ ಬರುವ ಮೀನಖಂಡದ ಮೇಲುಸ್ನಾಯು ಬಿಗಿದಿದೆ ಎಂದು ತಿಳಿಯಬೇಕು. ತೊಡೆಗಳು ಒಂದನ್ನೊಂದು ಅಡ್ಡಗಟ್ಟಿ ಕತ್ತರಿಯಂತೆ ಬರುತ್ತವೆಯೇ ಎಂಬುದನ್ನು ಮುಂದಿನಿಂದ ನೋಡುತ್ತಾರೆ.

ಆಸ್ಪತ್ರೆಯಲ್ಲಿ ಮಗು ಹೆದರಿ ಬೇರೆ ರೀತಿ ನಡೆಯುವುದುಂಟು. ಆದ್ದರಿಂದ ಮನೆಯಂಗಳದ ಸಮನೆಲದ ಮೇಲೆ ಚಡ್ಡಿ ತೊಡಿಸಿ, ಬರಿಗಾಲಿನಲ್ಲಿ ನಡೆಯಿಸಿ, ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕಗಳಿಂದ ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋಗಿರಿ. ಮಗು ಮನೆಯೊಳಗೆ 5 ಮೀಟರ್, ಶಾಲೆಯಲ್ಲಿ 50 ಮೀಟರ್, ಸಂತೆ ಜಾತ್ರೆಗಳಲ್ಲಿ 500 ಮೀಟರ್ ದೂರವನ್ನು ಹೇಗೆ ಕ್ರಮಿಸುತ್ತದೆ, ತಾನಾಗಿಯೋ, ಕೋಲು ಹಿಡಿದೋ, ನಿಮ್ಮ ಕಂಕುಳಲ್ಲೋ, ಎಂಬುದನ್ನೂ ಹೇಳಿರಿ. ನಡಿಗೆಯ ಅಂದಕ್ಕಿಂತ ಈ ವಿವರವೇ ಚಿಕಿತ್ಸೆಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಅವಕಾಶವಿದೆ. ನಡೆಯುತ್ತಿದ್ದ ಮಗು ಕೆಲವೇ ವಾರಗಳಲ್ಲಿ ನಡಿಗೆ ಕಳೆದುಕೊಂಡರೆ ಮಾತ್ರ ತಪಾಸಣೆಯ ದಿನಕ್ಕಾಗಿ ಕಾಯದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಅದಕ್ಕೆ ಬೇರೊಂದು ಕಾರಣವಿರಬಹುದು.