ಇಲ್ಲದ ತಂತಿಯ ಮೇಲೆ ಬಂದ ಅಕ್ಷರ

ಮಧ್ಯಾಹ್ನದ ಊಟ ಮುಗಿದ ಹೊತ್ತು. ಎಂಜಿನಿಯರಿಂಗ್ ಕಾಲೇಜಿನ ಮೈಕ್ರೋಕಂಟ್ರೋಲರ್ ಲ್ಯಾಬಿಗೆ ಕಾಲಿಟ್ಟರೆ ಮೊದಲು ಮೂಗಿಗೆ ತಾಗುವುದು ಮೂಲೆಯ ಬೆಂಚಿನಿಂದ ತೇಲಿ ಬರುವ ಬೆಸುಗೆಯ ರಾಳದ ಹೊಗೆ, ಆಮೇಲೆ ಕಿವಿಗೆ ಬೀಳುವುದು ಕಂಪ್ಯೂಟರ್ ಫ್ಯಾನುಗಳ ಒಂದೇ ಸಮನೆಯ ಗುಂಯ್‌ಗುಟ್ಟುವಿಕೆ. ಹುಡುಗರು ಜಾಸ್ತಿ, ಕಿಟ್ ಕಡಿಮೆ. ಅದಕ್ಕೇ ಕಿಟಕಿ ಪಕ್ಕದ ಹುಡುಗಿ ಯಾರಿಗೂ ಕಾಯದೆ ಪರದೆಯ ಮೇಲೆಯೇ ಚಿಪ್ ಇಟ್ಟುಕೊಂಡು ಕೂತಿದ್ದಾಳೆ. ಪ್ರೋಟಿಯಸ್ ಎಂಬ ಸಿಮ್ಯುಲೇಟರಿನ ಚುಕ್ಕಿ ಚುಕ್ಕಿ ಹಾಳೆಯ ನಡುವೆ, 1980ರಲ್ಲಿ ಇಂಟೆಲ್ ಹೊರತಂದ 8051ರ ವಂಶದ್ದೊಂದು ಚಿಪ್. ಅದರ ಮಗ್ಗುಲಲ್ಲಿ ಒಂಬತ್ತು ಪಿನ್ನಿನ ಕಾಂಪಿಮ್ ಎಂಬ ಕನೆಕ್ಟರ್.

ಈ ಚಿಪ್ ಮಾತಾಡಬೇಕು, ಅದು ಟರ್ಮಿನಲ್‌ನಲ್ಲಿ ಕಾಣಬೇಕು. ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಪೋರ್ಟೇ ಇಲ್ಲ. ಅದಕ್ಕೇ ಅವಳು ಕಾಮ್‌ಜೀರೋಕಾಮ್ ಎಂಬ ಡ್ರೈವರ್ ಹಾಕಿದ್ದಾಳೆ. ಅದು ಹುಟ್ಟಿಸುವ ಪೋರ್ಟುಗಳು ಜೋಡಿಯಾಗಿಯೇ ಬರುತ್ತವೆ: ಕಾಮ್ 3ರ ಬಾಯಿ ಕಾಮ್ 4ರ ಕಿವಿಗೆ, ಅದರ ಬಾಯಿ ಇದರ ಕಿವಿಗೆ. ಒಂದನ್ನು ಕಾಂಪಿಮ್‌ಗೆ, ಇನ್ನೊಂದನ್ನು ಪುಟ್ಟಿ ಎಂಬ ಟರ್ಮಿನಲ್‌ಗೆ ಕೊಟ್ಟು, ಕೆಳಗಿನ ಪ್ಲೇ ಗುಂಡಿ ಒತ್ತುತ್ತಾಳೆ. ಪಿನ್ನುಗಳ ಬುಡದಲ್ಲಿ ಕೆಂಪು, ನೀಲಿ ಚೌಕಗಳು ಮಿಣಮಿಣ ಎನ್ನುತ್ತವೆ. ಪುಟ್ಟಿಯ ಕಪ್ಪು ಕಿಟಕಿಯಲ್ಲಿ ಅಕ್ಷರಗಳು ಸುರಿಯುತ್ತವೆ, ಆದರೆ ಎಲ್ಲ ಕಲಸುಮೇಲೋಗರ!

ಹೊಸಬರು ಇಲ್ಲಿ ಪುಟ್ಟಿಯ ಬಾಡ್ ರೇಟ್ ಬದಲಿಸುತ್ತ ಕೂರುತ್ತಾರೆ. ಅದರಿಂದ ಉಪಯೋಗವಿಲ್ಲ. ಸೆಟ್ಟಿಂಗ್ ಬದಲಿಸದೆ ಬಿಟ್ಟರೆ ಕಾಮ್‌ಜೀರೋಕಾಮ್ ವೇಗವನ್ನು ಲೆಕ್ಕಿಸುವುದೇ ಇಲ್ಲ, ಬಂದ ಬೈಟನ್ನು ಬಂದ ಹಾಗೇ ದಾಟಿಸಿಬಿಡುತ್ತದೆ. ತಪ್ಪು ಅಡಗಿರುವುದು ಸಿಮ್ಯುಲೇಟರಿನೊಳಗೆ. ಅವಳು 11.0592 ಮೆಗಾಹರ್ಟ್ಸ್ ಹರಳನ್ನು ಅಚ್ಚುಕಟ್ಟಾಗಿ ಬರೆದಿದ್ದಾಳೆ, ನಿಜ; ಆದರೆ ಪ್ರೋಟಿಯಸ್ ಆ ಹರಳನ್ನು ನೋಡುವುದಿಲ್ಲ, ಚಿಪ್ಪಿನ ಗುಣಪಟ್ಟಿಯಲ್ಲಿ ಬರೆದ ಗಡಿಯಾರವನ್ನೇ ನಂಬುತ್ತದೆ. ಅಲ್ಲಿ 12 ಎಂದೇ ಉಳಿದಿದೆ. 11.0592 ಮೆಗಾಹರ್ಟ್ಸನ್ನು 12ರಿಂದ, 32ರಿಂದ, ಟೈಮರಿನ ಎಣಿಕೆಯಾದ 3ರಿಂದ ಭಾಗಿಸಿದರೆ 9600 ಬಾಡ್ ಕೂದಲೆಳೆಯೂ ಆಚೀಚೆಯಾಗದೆ ಸಿಗುತ್ತದೆ. 12 ಇಟ್ಟರೆ ಸುಮಾರು 10,417. ಅಷ್ಟು ಓಡುವ ಚಿಪ್ಪಿನ ಮಾತು 9600ಕ್ಕೆ ಕಿವಿಗೊಟ್ಟ ಕಾಂಪಿಮ್‌ಗೆ ತಿಳಿಯುವುದಾದರೂ ಹೇಗೆ?

ಅಂಕಿ ತಿದ್ದುತ್ತಾಳೆ, ಮತ್ತೆ ಪ್ಲೇ. ಈ ಸಲ ಸಾಲು ಸ್ಫುಟವಾಗಿ ಮೂಡುತ್ತದೆ. ಕೀಲಿಮಣೆಯಲ್ಲಿ ಒಂದು ಅಕ್ಷರ ಒತ್ತಿದರೆ ಅದು ಜೋಡಿ ಪೋರ್ಟು ದಾಟಿ, ಹತ್ತು ಬಿಟ್ಟುಗಳಾಗಿ ಚಿಪ್ಪಿನ ಎಸ್‌ಬಫ್ ಎಂಬ ರಿಜಿಸ್ಟರ್ ಸೇರಿ, ಪರದೆಯ ಎಲ್‌ಇಡಿಯೊಂದನ್ನು ಹೊತ್ತಿಸುತ್ತದೆ. ಪಕ್ಕದ ಬೆಂಚಿನವರು ಕುರ್ಚಿ ಎಳೆದುಕೊಂಡು ಬರುತ್ತಾರೆ.

ನಿಜವಾದ ಬೋರ್ಡಿನಲ್ಲಾದರೆ ಚಿಪ್ಪಿಗೂ ಒಂಬತ್ತು ಪಿನ್ನಿಗೂ ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್232 ಬೇಕು, ಸಡಿಲ ತಂತಿಯ ಕಾಟವೂ ಇರುತ್ತದೆ. ಸಿಮ್ಯುಲೇಟರ್ ಅದನ್ನು ಕಲಿಸುವುದಿಲ್ಲ. ಉಳಿದದ್ದನ್ನೆಲ್ಲ ಚೆನ್ನಾಗಿಯೇ ಕಲಿಸುತ್ತದೆ. ಕಿಟ್ ಸಿಗಲಿಲ್ಲವೆಂದು ಕೈಕಟ್ಟಿ ಕೂತವರು ಇವತ್ತೇ ಇಂಥ ಜೋಡಿಯೊಂದನ್ನು ಕಟ್ಟಿ ನೋಡಿ. ಪ್ರೋಟಿಯಸ್‌ಗೆ ದುಡ್ಡು ಕೊಡಬೇಕು, ಆದರೆ ಅಂಥದೇ ಸಿಮ್ಯುಲೇಟರ್ ಆದ ಸಿಮುಲ್‌ಐಡಿಇ, ಕಾಮ್‌ಜೀರೋಕಾಮ್, ಪುಟ್ಟಿ ಮೂರೂ ಉಚಿತ.